ವಾರಕ್ಕೊಮ್ಮೆ ಒಂದು ಮರ

ಚೈತ್ರ ವೈಶಾಖಗಳನ್ನು ವಸಂತವೆಂದು ಎಣಿಸುವ ಕರ್ನಾಟಕದಲ್ಲಿ, ಮರಗಳು ಚಿಗುರುವ ಹೊತ್ತಿಗೆ ಮಕ್ಕಳು ವಾರ್ಷಿಕ ಪರೀಕ್ಷೆಯ ಸಿದ್ಧತೆಯಲ್ಲಿರುತ್ತಾರೆ, ಹೂವು ತುಂಬಿ ನಿಲ್ಲುವ ಹೊತ್ತಿಗೆ ಬೇಸಿಗೆ ರಜೆ ಬಂದಿರುತ್ತದೆ; ಹೀಗಾಗಿ ಋತುಗಳ ಪಾಠವನ್ನು ಬಾಯಿಪಾಠ ಮಾಡಿದ ಮಗುವಿಗೂ ಶಾಲೆಯ ಅಂಗಳದ ಹೊಂಗೆ ಯಾವಾಗ ಎಲೆ ಉದುರಿಸಿತೆಂಬುದು ತಿಳಿಯದೆ ಹೋಗುತ್ತದೆ. ಈ ಕೊರತೆಯನ್ನು ತುಂಬಬಲ್ಲ ಸರಳ ಚಟುವಟಿಕೆಯೊಂದನ್ನು ‘ಸೀಸನ್‌ವಾಚ್’ ಯೋಜನೆ ರೂಪಿಸಿದೆ. 1996ರಲ್ಲಿ ಸ್ಥಾಪನೆಯಾಗಿ ಮೈಸೂರಿನಲ್ಲಿ ನೆಲೆಗೊಂಡಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ನಡೆಸುತ್ತಿರುವ ಈ ಯೋಜನೆ ಫಿನಾಲಜಿಗೆ, ಅಂದರೆ ಗಿಡಮರಗಳ ಚಿಗುರು, ಹೂವು, ಹಣ್ಣುಗಳ ಕಾಲವನ್ನು ಗುರುತಿಸುವ ಅಧ್ಯಯನಕ್ಕೆ, ಜನಸಾಮಾನ್ಯರನ್ನೂ ಶಾಲಾಮಕ್ಕಳನ್ನೂ ಸೇರಿಸಿಕೊಳ್ಳುತ್ತದೆ.

ಇದರ ವಿಧಾನ ಪ್ರಾಥಮಿಕ ಶಾಲೆಯ ಮಕ್ಕಳಿಗೂ ಎಟುಕುವಂಥದು. ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಕೆಳಗೆ ನಿಂತು, ಚಿಗುರು, ಬಲಿತ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು ಇವು ಇಲ್ಲವೇ ಇಲ್ಲವೋ, ಕೆಲವು ಇವೆಯೋ, ಹೇರಳವಾಗಿವೆಯೋ ಎಂದು ಬರೆದುಕೊಳ್ಳುವುದಷ್ಟೇ ಕೆಲಸ. ಅಕ್ಷರ ಕಲಿಯುತ್ತಿರುವವರು ಚಿತ್ರ ಬಿಡಿಸಿದರೂ ಆದೀತು. ಇಲ್ಲಿ ಶಿಕ್ಷಕರು ಒತ್ತಿ ಹೇಳಬೇಕಾದುದು ‘ಇಲ್ಲ’ ಎಂಬ ದಾಖಲೆಯ ಬೆಲೆಯನ್ನು. ಹೋದ ವಾರ ಹೂವಿರಲಿಲ್ಲವೆಂದು ಬರೆದಿದ್ದರೆ ಮಾತ್ರ ಈ ವಾರ ಹೂ ಬಿಡಲು ಆರಂಭವಾಯಿತೆಂದು ಖಚಿತವಾಗಿ ಹೇಳಬಹುದಾದ್ದರಿಂದ, ಏನೂ ಕಾಣದ ದಿನದ ಬರಹವೂ ಹೂ ಕಂಡ ದಿನದ ಬರಹದಷ್ಟೇ ಮುಖ್ಯವಾಗುತ್ತದೆ.

ಕನ್ನಡ ಶಾಲೆಗಳಿಗೆ ಹೊಂಗೆಗಿಂತ ಒಳ್ಳೆಯ ಮರ ಸಿಗಲಾರದು. ಕಳೆದ ವರ್ಷದ ಚಪ್ಪಟೆ ಕಾಯಿಗಳು ಕೊಂಬೆಯಲ್ಲಿ ಒಣಗಿ ತೂಗುತ್ತಿರುವಾಗಲೇ ಹಳೆಯ ಎಲೆ ಉದುರಿ, ಕೆಲವೇ ದಿನಗಳಲ್ಲಿ ಎಳೆಹಸಿರಿನ ಹೊಳಪುಳ್ಳ ಚಿಗುರು ಮರವನ್ನೆಲ್ಲ ಆವರಿಸುತ್ತದೆ; ಅದರ ಬೆನ್ನಿಗೇ ತಿಳಿನೇರಳೆ ಬೆರೆತ ಬಿಳಿ ಹೂಗೊಂಚಲುಗಳು ಬಂದು, ಉದುರಿದ ಹೂಗಳು ನೆಲವನ್ನೇ ಮುಚ್ಚುತ್ತವೆ. ಎಲೆಯೆಲ್ಲ ಕಳಚಿ ಬರಿಗೊಂಬೆಯಲ್ಲೇ ಕೆಂಪಾಗಿ ಅರಳುವ ಮುತ್ತುಗವನ್ನು ಅದರ ಜೊತೆಗಿಟ್ಟು ನೋಡಿದರೆ, ವಸಂತ ಎಲ್ಲ ಮರಗಳಿಗೂ ಒಂದೇ ರೀತಿಯಲ್ಲಿ ಬರುವುದಿಲ್ಲವೆಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ. ಮಾವು ಮತ್ತು ಅಶ್ವತ್ಥದ ಎಳೆಯ ಎಲೆ ಕೆಂಪಗಿರುವುದೇಕೆಂಬ ಪ್ರಶ್ನೆಯೂ ಆಗಲೇ ಏಳುತ್ತದೆ: ಪತ್ರಹರಿತ್ತು ಇನ್ನೂ ತುಂಬದ ಆ ಎಲೆಗಳಲ್ಲಿ ಆಂಥೋಸಯನಿನ್ ಎಂಬ ವರ್ಣದ್ರವ್ಯವಿದ್ದು, ಅದು ಎಳೆಯ ಅಂಗಾಂಶವನ್ನು ಪ್ರಖರ ಬಿಸಿಲಿನಿಂದ ಕಾಪಾಡುತ್ತದೆಂದು ಸಸ್ಯವಿಜ್ಞಾನಿಗಳು ವಿವರಿಸುತ್ತಾರೆ.

ಈ ಯೋಜನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ತೊಡಗಿಕೊಂಡಿರುವುದು ಕೇರಳದ ಶಾಲೆಗಳು. ವಿಷು ಹಬ್ಬದಲ್ಲಿ ಬೇಕಾಗುವ ಕಣಿಕೊನ್ನ, ಅಂದರೆ ಕನ್ನಡಿಗರ ಕಕ್ಕೆ ಹೂ, ಹಬ್ಬಕ್ಕೆ ಬಹಳ ಮುಂಚೆಯೇ ಅರಳುತ್ತಿದೆ ಎಂಬ ಮಾತು ಅಲ್ಲಿ ವ್ಯಾಪಕವಾಗಿದ್ದು, ಅಂಥ ಮಾತು ಎಷ್ಟು ನಿಜವೆಂದು ಪರೀಕ್ಷಿಸಲು ಹಲವು ಊರುಗಳ, ಹಲವು ವರ್ಷಗಳ ದಾಖಲೆಯೇ ಬೇಕು. ಯುಗಾದಿಯ ಬೇವುಬೆಲ್ಲಕ್ಕೆ ಹೂ ಹುಡುಕುವ ಕರ್ನಾಟಕದ ಮಕ್ಕಳು ಬೇವಿನ ಮರದ ಬಗ್ಗೆ ಇದೇ ಕೆಲಸ ಮಾಡಬಹುದು.

ರಜೆಯ ಅಡ್ಡಿಯನ್ನು ದಾಟುವುದು ಕಷ್ಟವೇನಲ್ಲ. ಶಾಲೆಯ ಮರವನ್ನು ಮಾಘಮಾಸದಲ್ಲೇ, ಎಲೆ ಹಳದಿಯಾಗುವ ಮೊದಲು, ನೋಡಲಾರಂಭಿಸಿ, ಏಪ್ರಿಲ್ ಮೇ ತಿಂಗಳಿಗೆಂದು ಪ್ರತಿ ಮಗುವೂ ಮನೆಯ ಅಥವಾ ಅಜ್ಜಿಯ ಊರಿನ ಇನ್ನೊಂದು ಮರವನ್ನು ಆರಿಸಿಕೊಂಡರೆ, ಜೂನ್‌ನಲ್ಲಿ ಶಾಲೆ ತೆರೆದಾಗ ಒಂದೇ ತರಗತಿಯಲ್ಲಿ ಹತ್ತಾರು ಊರುಗಳ ವಸಂತವನ್ನು ಹೋಲಿಸಿ ನೋಡಲು ಸಾಧ್ಯವಾಗುತ್ತದೆ.