ದಾಖಲೆ ಹೋಯಿತು, ಹೆಮ್ಮೆ ಉಳಿಯಿತು

‘ಶಿವನಸಮುದ್ರ–ಕೋಲಾರ ಮಾರ್ಗ ಆಗಿನ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ್ದು ಸರ್!’ ವೈವಾದಲ್ಲಿ ಎದೆಯುಬ್ಬಿಸಿ ಹೇಳಿದೆ. ಮೈಸೂರಿನವನು, ಅದರಲ್ಲೂ ಎಲೆಕ್ಟ್ರಿಕಲ್ ವಿದ್ಯಾರ್ಥಿ. ಹೆಮ್ಮೆ ಇರದೇ ಇರುತ್ತದೆಯೇ? ‘ಹಾಗಾದರೆ ಕ್ಯಾಲಿಫೋರ್ನಿಯಾ?’ ಎಂದರು ಮೇಷ್ಟ್ರು. ನಾನು ಗಪ್‌ಚುಪ್.

ಅಂದು ಸಂಜೆಯೇ ಲೈಬ್ರರಿಗೆ ಓಡಿದೆ. 1902ರ ಜೂನ್‌ನಲ್ಲಿ ಕಾವೇರಿಯ ವಿದ್ಯುತ್ ಸುಮಾರು 147 ಕಿ.ಮೀ. ಸಾಗಿ ಕೋಲಾರದ ಚಿನ್ನದ ಗಣಿ ತಲುಪಿದ್ದು ನಿಜ. ಆದರೆ 1901ರಲ್ಲೇ ಕ್ಯಾಲಿಫೋರ್ನಿಯಾದ ಕೋಲ್ಗೇಟ್‌ನಿಂದ ಓಕ್ಲೆಂಡ್‌ಗೆ 200 ಕಿ.ಮೀ.ಗೂ ಉದ್ದದ ಮಾರ್ಗವಿತ್ತು. ನನ್ನ ‘ವಿಶ್ವದಾಖಲೆ’ ಠುಸ್!

ಬೇಸರವಾಯಿತು. ಆದರೂ ಓದುತ್ತಾ ಹೋದೆ. ತಂತಿಯಲ್ಲಿ ಕರೆಂಟು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಅದಕ್ಕೇ ವೋಲ್ಟೇಜ್ ಏರಿಸಿ, ಕರೆಂಟು ಇಳಿಸಿ ದೂರಕ್ಕೆ ಕಳಿಸುತ್ತಾರೆ. ಫಾರ್ಮುಲಾ ಮಾತ್ರ ಗೊತ್ತಿದ್ದ ನನಗೆ ಅದರ ಅರ್ಥ ಹೊಳೆದದ್ದು ಅಂದೇ. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ಗಣಿಗೆ ವಿದ್ಯುತ್ ತಲುಪಿದ್ದನ್ನು ನೋಡಲೇ ಇಲ್ಲ. 1905ರಲ್ಲಿ ಅದೇ ವಿದ್ಯುತ್ ಬೆಂಗಳೂರಿನ ಬೀದಿಗಳನ್ನು ಬೆಳಗಿತು.

ಇಂದು ಚೀನಾದಲ್ಲಿ 3,000 ಕಿ.ಮೀ. ಮೀರಿದ ಮಾರ್ಗವಿದೆ. ನಾಳೆ ಅದನ್ನೂ ಯಾರೋ ಮುರಿಯುತ್ತಾರೆ. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಮೊದಲಿಗನಾಗಬೇಕೆಂದು ನಿದ್ದೆಗೆಡುತ್ತಿದ್ದವನು ನಾನು. ಈಗ ಅನ್ನಿಸುತ್ತಿದೆ: ಮೊದಲಿಗನಾಗದಿದ್ದರೂ ಪರವಾಗಿಲ್ಲ, ನಾನು ಎಳೆದ ತಂತಿಯಿಂದ ಎಲ್ಲಾದರೂ ಒಂದು ದೀಪ ಹೊತ್ತಿದರೆ ಸಾಕು. ನೀವೇನಂತೀರಿ?