ಅಂಡಾಶಯ ತಿರುಚಿಕೊಂಡರೆ ತಡ ಬೇಡ

ಹೆಣ್ಣುಮಕ್ಕಳು ಹೊಟ್ಟೆನೋವು ಎಂದರೆ ಬಹಳಷ್ಟು ಮನೆಗಳಲ್ಲಿ ಸಿಗುವ ಉತ್ತರ, ‘ಮುಟ್ಟಿನ ನೋವಿರಬೇಕು, ಸ್ವಲ್ಪ ಮಲಗು’ ಎಂಬುದು. ಓಮದ ಕಷಾಯ ಕುಡಿಸಿ, ಬಿಸಿನೀರಿನ ಶಾಖ ಕೊಟ್ಟು ಬೆಳಗಿನವರೆಗೆ ಕಾಯುವುದು ರೂಢಿ. ಹೆಚ್ಚಿನ ನೋವುಗಳು ಅಷ್ಟಕ್ಕೇ ಶಮನವಾಗುವುದೂ ನಿಜ. ಆದರೆ ಹೀಗೆ ಕಾಯುವುದರಲ್ಲೇ ಒಂದು ಅಂಗವನ್ನು ಕಳೆದುಕೊಳ್ಳುವಂತಹ ನೋವೂ ಒಂದಿದೆ. ಅಂಡಾಶಯವು ತನ್ನ ತೊಟ್ಟಿನ ಸುತ್ತ ತಿರುಚಿಕೊಂಡಾಗ ಬರುವ ನೋವು ಅದು.

ಏನಾಗುತ್ತದೆ?

ಗರ್ಭಕೋಶದ ಎರಡು ಬದಿಗೂ ಬಾದಾಮಿ ಆಕಾರದ ಒಂದೊಂದು ಅಂಡಾಶಯವಿರುತ್ತದೆ. ಒಂದು ಕಟ್ಟು ಅದನ್ನು ಗರ್ಭಕೋಶಕ್ಕೂ ಇನ್ನೊಂದು ಕಟ್ಟು ಕಿಬ್ಬೊಟ್ಟೆಯ ಪಕ್ಕದ ಗೋಡೆಗೂ ಹಿಡಿದಿಟ್ಟಿರುತ್ತವೆ. ಅಂಡಾಶಯಕ್ಕೆ ಬೇಕಾದ ರಕ್ತ ಬರುವುದು ಈ ಕಟ್ಟುಗಳೊಳಗಿನ ನಾಳಗಳಿಂದ. ಬಳ್ಳಿಯಲ್ಲಿ ತೂಗುವ ಕಾಯಿಯನ್ನು ತಿರುಗಿಸಿದರೆ ತೊಟ್ಟು ಹುರಿಗೊಳ್ಳುವಂತೆ, ಅಂಡಾಶಯ ತಿರುಗಿದಾಗ ಈ ನಾಳಗಳು ಹಿಚುಕಿಹೋಗುತ್ತವೆ.

ಮೊದಲು ಮುಚ್ಚುವುದು ರಕ್ತವನ್ನು ಹೊರಗೊಯ್ಯುವ ತೆಳುಗೋಡೆಯ ಅಭಿಧಮನಿಗಳು. ಒಳಗೆ ತರುವ ಅಪಧಮನಿಗಳು ಗಟ್ಟಿಯಾಗಿರುವುದರಿಂದ ಇನ್ನಷ್ಟು ಹೊತ್ತು ರಕ್ತ ಸುರಿಯುತ್ತಲೇ ಇರುತ್ತವೆ. ಒಳಬಂದ ರಕ್ತಕ್ಕೆ ಹೊರದಾರಿಯಿಲ್ಲದೆ ಅಂಡಾಶಯ ಊದಿಕೊಂಡು ಕಪ್ಪಾಗುತ್ತದೆ. ಕೊನೆಗೆ ಅಪಧಮನಿಯೂ ಮುಚ್ಚಿ, ಆಮ್ಲಜನಕವಿಲ್ಲದೆ ಜೀವಕೋಶಗಳು ಸಾಯತೊಡಗುತ್ತವೆ. ಹೆಣ್ಣುಮಗು ಹುಟ್ಟುವಾಗಲೇ ತನ್ನ ಜೀವಮಾನಕ್ಕೆ ಬೇಕಾದ ಅಂಡಾಣುಗಳನ್ನು ಹೊತ್ತು ತಂದಿರುತ್ತದೆ. ಸತ್ತುಹೋದವುಗಳ ಜಾಗದಲ್ಲಿ ಹೊಸವು ಹುಟ್ಟುವುದಿಲ್ಲ.

ಯಾರಿಗೆ ಬರಬಹುದು?

5 ಸೆಂಟಿಮೀಟರಿಗಿಂತ ದೊಡ್ಡದಾದ ನೀರುಗುಳ್ಳೆ ಅಥವಾ ಗಡ್ಡೆ ಇರುವವರಿಗೆ ಸಂಭವ ಹೆಚ್ಚು. ಬಸಿರಿನ ಮೊದಲ ತಿಂಗಳುಗಳಲ್ಲಿ ಮತ್ತು ಮಕ್ಕಳಾಗಲೆಂದು ಅಂಡಾಣು ಬೆಳೆಸುವ ಚಿಕಿತ್ಸೆ ಪಡೆಯುವಾಗಲೂ ಹೀಗಾಗಬಹುದು. ಯಾವ ಗಡ್ಡೆಯೂ ಇಲ್ಲದ, ಇನ್ನೂ ಮೈನೆರೆಯದ ಹುಡುಗಿಯರಿಗೂ ಇದು ಬರಬಹುದು ಎಂಬುದನ್ನು ತಾಯಂದಿರು ಗಮನಿಸಬೇಕು.

ಲಕ್ಷಣಗಳು

ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು, ಜೊತೆಗೆ ವಾಕರಿಕೆ ಮತ್ತು ವಾಂತಿ ಇದರ ಮುಖ್ಯ ಲಕ್ಷಣಗಳು. ಎಡಕ್ಕಿಂತ ಬಲಬದಿಯಲ್ಲಿ ಹೆಚ್ಚು. ಹೀಗಾಗಿ ಅಪೆಂಡಿಕ್ಸ್ ಎಂದೋ, ಮೂತ್ರಪಿಂಡದ ಕಲ್ಲು ಎಂದೋ, ಬರೀ ಗ್ಯಾಸ್ಟ್ರಿಕ್ ಎಂದೋ ಭಾವಿಸುವುದುಂಟು. ತಿರುಚು ಬಿಗಿಯುತ್ತಾ ಸಡಿಲವಾಗುತ್ತಾ ಇದ್ದರೆ ನೋವು ಬಂದು ಹೋಗುತ್ತಿರುತ್ತದೆ. ಒಮ್ಮೆ ನಿಂತಿತೆಂದು ನಿಶ್ಚಿಂತರಾಗುವಂತಿಲ್ಲ.

ಪರೀಕ್ಷೆ, ಚಿಕಿತ್ಸೆ

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬಹಳ ನೆರವಾಗುತ್ತದೆ. ಮದುವೆಯಾಗದ ಹುಡುಗಿಯರಿಗೆ ಹೊಟ್ಟೆಯ ಮೇಲಿನಿಂದಲೇ ಇದನ್ನು ಮಾಡಬಹುದು, ಸಂಕೋಚಕ್ಕೆ ಕಾರಣವಿಲ್ಲ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಪರೀಕ್ಷೆಯಲ್ಲಿ ಹರಿವು ಕಂಡರೂ ತಿರುಚು ಇಲ್ಲವೆಂದು ಹೇಳಲಾಗದು. ಲಕ್ಷಣಗಳು ಬಲವಾಗಿದ್ದರೆ ವೈದ್ಯರು ಲ್ಯಾಪರೋಸ್ಕೋಪ್ ಹಾಕಿ ನೋಡಲು ಸಲಹೆ ಕೊಡುತ್ತಾರೆ. ಸಣ್ಣ ರಂಧ್ರಗಳ ಮೂಲಕವೇ ತಿರುಚನ್ನು ಬಿಡಿಸಬಹುದು.

ಹಿಂದೆ ಕಪ್ಪಾದ ಅಂಡಾಶಯವನ್ನು ಕತ್ತರಿಸಿ ತೆಗೆಯುವುದೇ ವಾಡಿಕೆಯಾಗಿತ್ತು. ತಿರುಚು ಬಿಡಿಸಿದರೆ ಅಲ್ಲಿನ ಹೆಪ್ಪುರಕ್ತ ಶ್ವಾಸಕೋಶಕ್ಕೆ ಹೋದೀತೆಂಬ ಭಯ. ಆ ಭಯಕ್ಕೆ ಆಧಾರವಿಲ್ಲವೆಂದು ಈಗ ತಿಳಿದಿದೆ. ಕಪ್ಪಾಗಿ ಕಂಡ ಅಂಡಾಶಯಗಳೂ ಬಹುಪಾಲು ಚೇತರಿಸಿಕೊಳ್ಳುತ್ತವೆ. ಹದಿಹರೆಯದವರಲ್ಲಿ ಬಣ್ಣ ನೋಡಿ ತೆಗೆಯದೆ ಉಳಿಸಿಕೊಳ್ಳಬೇಕೆಂದು ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ 2019ರಲ್ಲಿ ಸಲಹೆ ನೀಡಿತು. ಮುಟ್ಟು ನಿಂತ ಮಹಿಳೆಯರ ವಿಷಯ ಬೇರೆ. ಅವರಲ್ಲಿ ಕ್ಯಾನ್ಸರ್ ಶಂಕೆಯಿರುವುದರಿಂದ ಸಾಮಾನ್ಯವಾಗಿ ತೆಗೆಯುತ್ತಾರೆ.

ತಿರುಚು ಬಿಡಿಸಿದ ಮೇಲೂ ಒಂದು ತೊಡಕಿದೆ. ಹಸಿದ ಅಂಗಾಂಶಕ್ಕೆ ಥಟ್ಟನೆ ಆಮ್ಲಜನಕ ನುಗ್ಗಿದಾಗ ಹುಟ್ಟುವ ‘ಫ್ರೀ ರ್‍ಯಾಡಿಕಲ್’ ಎಂಬ ಕಣಗಳು ಇನ್ನಷ್ಟು ಹಾನಿ ಮಾಡುತ್ತವೆ. ಇದನ್ನು ತಡೆಯಲು ಮೆಲಟೋನಿನ್, ವಿಟಮಿನ್ ‘ಇ’ ಮುಂತಾದವನ್ನು ಇಲಿಗಳಲ್ಲಿ ಪ್ರಯೋಗಿಸಿ ನೋಡಿದ್ದಾರೆ. ಮನುಷ್ಯರಿಗೆ ಇಂತಹುದೇ ಎಂದು ಸಿದ್ಧವಾದ ಔಷಧಿ ಇಲ್ಲ. ಆದ್ದರಿಂದ ಅಂಗಡಿಯಿಂದ ವಿಟಮಿನ್ ಮಾತ್ರೆ ತಂದು ನುಂಗಿ ಪ್ರಯೋಜನವಿಲ್ಲ. ಬೇಗ ಆಸ್ಪತ್ರೆ ಸೇರುವುದೇ ಅಂಡಾಶಯಕ್ಕೆ ರಕ್ಷಣೆ.

ಮನೆಯವರು ಏನು ಮಾಡಬೇಕು?

ಒಂದೇ ಬದಿಯ ತೀವ್ರ ನೋವು ಮತ್ತು ವಾಂತಿ ಒಟ್ಟಿಗೆ ಕಂಡರೆ, ಹೊತ್ತು ಯಾವುದೇ ಆಗಿರಲಿ, ಸ್ಕ್ಯಾನಿಂಗ್ ಮತ್ತು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ಅರಿವಳಿಕೆ ಕೊಡಬೇಕಾಗಬಹುದು, ಹಾಗಾಗಿ ಊಟ, ಕಾಫಿ ಕೊಡಬೇಡಿ. ಹೊಕ್ಕುಳ ಜಾರಿದೆಯೆಂದು ಹೊಟ್ಟೆ ಉಜ್ಜಿಸಬೇಡಿ. ಕೊನೆಯ ಮುಟ್ಟಿನ ದಿನಾಂಕವನ್ನು ನೆನಪಿಟ್ಟು ವೈದ್ಯರಿಗೆ ಹೇಳಿ. ಹಳೆಯ ಸ್ಕ್ಯಾನಿಂಗ್ ವರದಿ ಇದ್ದರೆ ಜೊತೆಗೆ ಒಯ್ಯಿರಿ. ನೀರುಗುಳ್ಳೆ ಇದೆಯೆಂದು ಮೊದಲೇ ಗೊತ್ತಿರುವವರು ವೈದ್ಯರು ಹೇಳಿದ ಅವಧಿಗೆ ಮರುಪರೀಕ್ಷೆ ಮಾಡಿಸಿಕೊಳ್ಳಬೇಕು.

‘ಮದುವೆಯಾಗಬೇಕಾದ ಹುಡುಗಿ, ಸ್ತ್ರೀರೋಗ ತಜ್ಞರ ಬಳಿ ಹೋದರೆ ನೋಡಿದವರು ಏನೆಂದಾರು’ ಎಂದು ಹಿಂಜರಿಯುವ ಮನೆಗಳು ಈಗಲೂ ಇವೆ. ಆ ಹಿಂಜರಿಕೆಯಲ್ಲಿ ಕಳೆಯುವ ಒಂದು ರಾತ್ರಿ, ಅವಳು ಮುಂದೆ ತಾಯಿಯಾಗಲು ಬೇಕಾದ ಅಂಡಾಶಯಗಳಲ್ಲಿ ಒಂದನ್ನು ಕಸಿದುಕೊಳ್ಳಬಹುದು.