ಸದ್ದು ಜಾಸ್ತಿಯಾದರೆ ಎಚ್‌ಪಿ ಜಾಸ್ತಿಯಾಗುತ್ತದೆಯೇ?

ಕಳೆದ ತಿಂಗಳು ಚನ್ನರಾಯಪಟ್ಟಣದ ಅಕ್ಕನ ಮನೆಗೆ ಹೋಗಿದ್ದೆ. ಮಗ್ರಿಬ್ ಮುಗಿಸಿ ಚಹಾ ಕುಡಿಯುತ್ತಾ ಕೂತಿದ್ದೆವು. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಗುಡುಗಿದ ಹಾಗೆ ಸದ್ದು. "ಬಂದ ನೋಡು ನಿನ್ನ ಅಳಿಯ" ಎಂದಳು ಅಕ್ಕ, ತೊಟ್ಟಿಲಲ್ಲಿ ಎಚ್ಚರವಾದ ಮೊಮ್ಮಗುವನ್ನು ಎತ್ತಿಕೊಳ್ಳುತ್ತಾ.

ಗೇಟಿನ ಹೊರಗೆ ಅವನ ಹಳೆಯ ಡೀಸೆಲ್ ಸ್ವಿಫ್ಟ್ ನಿಂತಿತ್ತು. ಹಿಂದೆ ದಪ್ಪನೆಯ ಹೊಸ ಸೈಲೆನ್ಸರ್.

"ಮಾಮ, ಫ್ರೀ ಫ್ಲೋ ಹಾಕ್ಸಿದೆ. 12 ಎಚ್‌ಪಿ ಜಾಸ್ತಿ ಆಯ್ತು."

"ಅಳೆದದ್ದು ಯಾರು ಮೋನೆ?"

"ಅಳೆಯೋದೇನು ಬಂತು? ಸೌಂಡ್ ಕೇಳ್ತಿಲ್ವಾ? ಹಾಕಿದವರೇ ಹೇಳಿದ್ರು."

ಅದಕ್ಕೆ 18 ಸಾವಿರ ರೂಪಾಯಿ ಕೊಟ್ಟಿದ್ದ. ಮುಂದಿನ ತಿಂಗಳು ಎಂಜಿನ್ ರೀಮ್ಯಾಪ್ ಮಾಡಿಸುವ ಯೋಚನೆ, ಅದಕ್ಕೆ ಇನ್ನೊಂದು 30 ಸಾವಿರ. ದುಡ್ಡು ಎಲ್ಲಿಂದ ಎಂದರೆ ಅಕ್ಕನ ಚೀಟಿಯಿಂದ. ಆ ಚೀಟಿ ಎತ್ತಿದ್ದು ಅವನ ತಂಗಿಯ ಬಿ.ಎಡ್. ಫೀಸಿಗೆಂದು. ಈ ಲೇಖನ ಬರೆಯಬೇಕೆನಿಸಿದ್ದು ಆ ಮಾತು ಕೇಳಿದ ಮೇಲೆ.

ಇದು ಒಂದು ಮನೆಯ ಕಥೆಯಲ್ಲ. ಹಾಸನದಲ್ಲಿ, ಹೊಳೆನರಸೀಪುರದಲ್ಲಿ, ಅರಕಲಗೂಡಿನಲ್ಲಿ ನಮ್ಮ ಎಷ್ಟೋ ಹುಡುಗರ ಬದುಕು ಗಾಡಿಯ ಮೇಲೆಯೇ. ಶುಂಠಿ, ಆಲೂಗಡ್ಡೆ ಲೋಡಿನ ಪಿಕಪ್, ಗ್ಯಾರೇಜ್, ಗುಜರಿ, ಟ್ಯಾಕ್ಸಿ. ಗಾಡಿಯ ಮೇಲೆ ಪ್ರೀತಿ ಇರುವುದು ತಪ್ಪಲ್ಲ. ಆದರೆ ತೂಕ ನೋಡದೆ ಒಂದು ಕಿಲೋ ಕಬ್ಬಿಣವನ್ನೂ ಕೊಳ್ಳದವರು ನಾವು, ಎಚ್‌ಪಿಯನ್ನು ಮಾತ್ರ ಕಿವಿಯಲ್ಲಿ ಕೇಳಿ ಕೊಳ್ಳುತ್ತಿದ್ದೇವೆ.

ಎಚ್‌ಪಿ ಎಂದರೆ ಎಷ್ಟು?

ಉಗಿಯಂತ್ರ ಮಾರುತ್ತಿದ್ದ ಜೇಮ್ಸ್ ವಾಟ್, ತನ್ನ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಗಿರಾಕಿಗಳಿಗೆ ತಿಳಿಸಲು ಬಳಕೆಗೆ ತಂದ ಅಳತೆ ಹಾರ್ಸ್‌ಪವರ್. ಒಂದು ಎಚ್‌ಪಿ ಎಂದರೆ 746 ವ್ಯಾಟ್. ನಮ್ಮ ಕಾರುಗಳ ಕಂಪನಿ ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವ ಪಿಎಸ್ ಸ್ವಲ್ಪ ಚಿಕ್ಕದು, 735.5 ವ್ಯಾಟ್. ಸರಳವಾಗಿ ಹೇಳುವುದಾದರೆ, 75 ಕೆ.ಜಿ. ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತುವ ಶಕ್ತಿ. 50 ಕೆ.ಜಿ.ಯ ಒಂದೂವರೆ ಮೂಟೆ ಆಲೂಗಡ್ಡೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಸೊಂಟದ ಮಟ್ಟಕ್ಕೆ ಎತ್ತಿದ ಹಾಗೆ. 12 ಎಚ್‌ಪಿ ಎಂದರೆ ಅಂಥ 12 ಹಮಾಲರು ಬೇಕು. ಅಷ್ಟು ಶಕ್ತಿ ಒಂದು ಸೈಲೆನ್ಸರಿನೊಳಗೆ ಅಡಗಿ ಕೂತಿತ್ತೇ?

ಅಳಿಯನ ಕಾರಿಗೆ ಕಂಪನಿ ಹೇಳಿದ್ದು 75 ಪಿಎಸ್. ಅದು ಎಂಜಿನ್ನಿನ ಬಾಯಲ್ಲಿ ಅಳೆದ ಲೆಕ್ಕ. ಗೇರ್‌ಬಾಕ್ಸ್, ಆಕ್ಸಲ್, ಟೈರ್ ದಾಟಿ ಚಕ್ರಕ್ಕೆ ಬರುವಾಗ ಸಾಮಾನ್ಯವಾಗಿ ಶೇ 10ರಿಂದ 15ರಷ್ಟು ಸೋರಿಹೋಗುತ್ತದೆ. ಆದ್ದರಿಂದ ಪುಸ್ತಕದ ಅಂಕಿಯನ್ನೂ ಚಕ್ರದಲ್ಲಿ ಅಳೆದ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ವೇಬ್ರಿಡ್ಜಿನ ಪಾಠ

ಹಾಸನದ ಎಪಿಎಂಸಿಗೆ ಲೋಡ್ ತಂದವರಿಗೆಲ್ಲ ಗೊತ್ತಿರುವ ವಿಷಯ ಇದು. ತುಂಬಿದ ಲಾರಿಯ ತೂಕವೊಂದನ್ನೇ ನೋಡಿ ಯಾರೂ ದುಡ್ಡು ಕೊಡುವುದಿಲ್ಲ. ಖಾಲಿ ಲಾರಿಯನ್ನೂ ತೂಗಬೇಕು, ಅದೇ ವೇಬ್ರಿಡ್ಜಿನಲ್ಲಿ ತೂಗಬೇಕು. ಎರಡರ ವ್ಯತ್ಯಾಸವೇ ಸರಕು.

ಎಚ್‌ಪಿ ಲೆಕ್ಕವೂ ಇಷ್ಟೇ. ಇದರ ವೇಬ್ರಿಡ್ಜಿನ ಹೆಸರು ಡೈನಮೊಮೀಟರ್, ಗ್ಯಾರೇಜಿನವರ ಬಾಯಲ್ಲಿ ಡೈನೊ. ಕಾರಿನ ಚಕ್ರಗಳನ್ನು ದೊಡ್ಡ ರೋಲರ್ ಮೇಲೆ ನಿಲ್ಲಿಸಿ, ಒಂದೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ, ಚಕ್ರ ಎಷ್ಟು ಬಲದಿಂದ ತಿರುಗುತ್ತದೆ ಎಂದು ಅಳೆಯುತ್ತಾರೆ. ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಮಕ್ಕಳು ಲ್ಯಾಬಿನಲ್ಲಿ ಎಂಜಿನ್ನಿನ ಡ್ರಮ್ಮಿಗೆ ಹಗ್ಗ ಸುತ್ತಿ, ತೂಕ ನೇತುಹಾಕಿ ಅಳೆಯುವುದೂ ಇದನ್ನೇ. ಬೆಂಗಳೂರಿನಲ್ಲಿ ಡೈನೊ ಇಟ್ಟುಕೊಂಡ ಗ್ಯಾರೇಜುಗಳಿವೆ.

ಎರಡು ವೇಬ್ರಿಡ್ಜ್ ಒಂದೇ ತೂಕ ತೋರಿಸದ ಹಾಗೆ ಎರಡು ಡೈನೊ ಕೂಡ ಒಂದೇ ಅಂಕಿ ಕೊಡುವುದಿಲ್ಲ. ಹಾಗಾಗಿ ಬದಲಾವಣೆಗೆ ಮುಂಚೆ ಮತ್ತು ನಂತರ, ಅದೇ ಡೈನೊದಲ್ಲಿ, ಸಾಧ್ಯವಾದರೆ ಅದೇ ದಿನ ಅಳೆಯಬೇಕು. ಗೇರ್, ಟೈರ್ ಗಾಳಿ, ಇಂಧನ, ಎಂಜಿನ್ ಬಿಸಿ ಎಲ್ಲ ಒಂದೇ ಇರಬೇಕು. ಹವೆಗೆ ತಕ್ಕಂತೆ ಅಂಕಿ ತಿದ್ದುವ "ಕರೆಕ್ಷನ್" ಸೆಟ್ಟಿಂಗ್ ಕೂಡ ಎರಡೂ ಸಲ ಒಂದೇ ಇರಬೇಕು. ಒಂದು ಸಲ ಓಡಿಸಿದರೆ ಸಾಲದು, ಮೂರು ಸಲ ಓಡಿಸಿ ಸರಾಸರಿ ನೋಡಿ.

ಅಳಿಯನ ಮೊಬೈಲ್ ಲೆಕ್ಕ

"ಡೈನೊ ಇಲ್ಲದಿದ್ರೂ ನಾನು ಟೈಮ್ ನೋಡಿದ್ದೀನಿ ಮಾಮ" ಎಂದು ಅಳಿಯ ಮೊಬೈಲ್ ತೋರಿಸಿದ. ಒಂದೇ ಗೇರಿನಲ್ಲಿ 60ರಿಂದ 80 ಕಿ.ಮೀ. ವೇಗಕ್ಕೆ ಏರಲು ಮೊದಲು 7 ಸೆಕೆಂಡ್ ಹಿಡಿದಿತ್ತು, ಸೈಲೆನ್ಸರ್ ಹಾಕಿದ ಮೇಲೆ 6.3.

"ಮೊದಲ ಸಲ ಕಾರಲ್ಲಿ ಎಷ್ಟು ಜನ ಇದ್ರಿ?"

"ಮೂರು ಜನ."

"ಎರಡನೇ ಸಲ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೊಬ್ನೇ" ಎಂದ.

ಕಾಗದ ತೆಗೆದು ಕೂತೆವು. ಅವನೂ ಸೇರಿ ಕಾರಿನ ತೂಕ ಸುಮಾರು 1,140 ಕೆ.ಜಿ. ಇನ್ನಿಬ್ಬರು ಹತ್ತಿದರೆ 1,270. ಅಷ್ಟು ತೂಕವನ್ನು 60ರಿಂದ 80ಕ್ಕೆ ಏರಿಸಲು ಬೇಕಾದ ಶಕ್ತಿಯನ್ನು ಸೆಕೆಂಡಿನಿಂದ ಭಾಗಿಸಿದರೆ ಮೊದಲ ಸಲ 19.6 ಕಿಲೋವ್ಯಾಟ್, ಎರಡನೇ ಸಲ 19.5. ಎರಡೂ ಹತ್ತಿರ ಹತ್ತಿರ 26.6 ಪಿಎಸ್. ಗಾಳಿಗೆ, ಟೈರಿಗೆ ಹೋಗುವ ಶಕ್ತಿ ಇದರಲ್ಲಿ ಸೇರಿಲ್ಲ, ವೇಗ ಏರಿಸಲು ಖರ್ಚಾದದ್ದು ಮಾತ್ರ. 18 ಸಾವಿರದ ಸೈಲೆನ್ಸರ್ ಕೊಟ್ಟದ್ದು ಏನೂ ಇಲ್ಲ. ಕಾರು ಹಗುರವಾಗಿದ್ದು ಇಬ್ಬರು ಗೆಳೆಯರು ಇಳಿದದ್ದರಿಂದ!

ತೂಕ ಸರಿ ಇದ್ದರೂ ಮೋಸ ಹೋಗುವ ದಾರಿ ಬೇರೆ ಇವೆ. ಬೆರಳು ಒತ್ತುವಾಗ 0.2 ಸೆಕೆಂಡ್ ಆಚೀಚೆ ಆದರೆ ಶೇ 3ರಷ್ಟು ವ್ಯತ್ಯಾಸ. ರಸ್ತೆ 100 ಮೀಟರಿಗೆ ಒಂದು ಮೀಟರ್ ಇಳಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಆ ಇಳಿಜಾರು ಸುಮಾರು 3 ಎಚ್‌ಪಿಯನ್ನು ಪುಕ್ಕಟೆ ಕೊಡುತ್ತದೆ. ಇನ್ನು ಹೆದ್ದಾರಿ ಪ್ರಯೋಗಶಾಲೆಯಲ್ಲ. ಅಲ್ಲಿ ದನ ಅಡ್ಡ ಬರುತ್ತದೆ, ಶಾಲೆಯ ಮಕ್ಕಳು ದಾಟುತ್ತಾರೆ. ಸೆಕೆಂಡ್ ಎಣಿಸುತ್ತಾ ಗಾಡಿ ಓಡಿಸುವ ಆಟ ಬೇಡವೇ ಬೇಡ.

ಘಟ್ಟ ಇಳಿದರೆ ಗಾಡಿ ಹಾರುತ್ತದೆ

ಅರಕಲಗೂಡಿನ ಇನ್ನೊಬ್ಬ ಹುಡುಗ ಪೆಟ್ರೋಲ್ ಕಾರಿಗೆ ದುಬಾರಿ ಏರ್ ಫಿಲ್ಟರ್ ಹಾಕಿಸಿ, ಮರುದಿನ ಮಂಗಳೂರಿಗೆ ಮದುವೆಗೆ ಹೋದ. "ಗಾಡಿ ಹಾರ್ತಾ ಇತ್ತು" ಎಂದು ವಾಪಸು ಬಂದು ಎಲ್ಲರಿಗೂ ಹೇಳಿದ. ಸುಳ್ಳಲ್ಲ, ಹಾರಿರಬಹುದು. ಆದರೆ ಕಾರಣ ಫಿಲ್ಟರ್ ಅಲ್ಲದಿರಬಹುದು. ನಮ್ಮ ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ತೆಳು. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು ಶೇ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 80 ಎಚ್‌ಪಿಯ ಕಾರು ಶಿರಾಡಿ ಘಾಟಿ ಹತ್ತಿ ಬರುವಷ್ಟರಲ್ಲಿ ಏಳೆಂಟು ಎಚ್‌ಪಿ ಬಿಟ್ಟುಬಂದಿರುತ್ತದೆ. ಘಟ್ಟ ಇಳಿದರೆ ಅದು ತಾನಾಗಿಯೇ ವಾಪಸು. ಟರ್ಬೊ ಇರುವ ಎಂಜಿನ್‌ಗಳಲ್ಲಿ ಈ ನಷ್ಟ ಕಡಿಮೆ.

ನಿಜವಾಗಿ ಹೆಚ್ಚುವುದು ಎಷ್ಟು?

ಏನೂ ಹೆಚ್ಚುವುದೇ ಇಲ್ಲ ಎಂದಲ್ಲ. ಟರ್ಬೊ ಡೀಸೆಲ್‌ನಲ್ಲಿ ಒಳ್ಳೆಯ ರೀಮ್ಯಾಪ್ ಶೇ 15ರಿಂದ 25ರಷ್ಟು ಶಕ್ತಿ ಹೆಚ್ಚಿಸಬಲ್ಲದು. ಅದರ ಬೆಲೆಯನ್ನು ಕ್ಲಚ್, ಟರ್ಬೊ, ಗೇರ್‌ಬಾಕ್ಸ್ ಕೊಡುತ್ತವೆ. ಸಣ್ಣ ಪೆಟ್ರೋಲ್ ಕಾರಿಗೆ ಹಿಂದಿನ ಸೈಲೆನ್ಸರ್ ಮಾತ್ರ ಬದಲಿಸಿದರೆ ಸಿಗುವುದು ಹೆಚ್ಚೆಂದರೆ ಒಂದೆರಡು ಎಚ್‌ಪಿ. ಉಳಿದದ್ದೆಲ್ಲ ಸದ್ದು.

ಹೊಳೆನರಸೀಪುರದಲ್ಲಿ ವರ್ಷಗಳಿಂದ ಡೀಸೆಲ್ ಗಾಡಿ ರಿಪೇರಿ ಮಾಡುವ ಕಾಕ ಒಬ್ಬರಿದ್ದಾರೆ. ಪವರ್ ಬೇಕು ಎಂದು ಹೋಗುವ ಹುಡುಗರಿಗೆ ಅವರು ಹೇಳುವುದು ಒಂದೇ ಮಾತು: "ಹೊಸ ಕುದುರೆ ತರೋದಕ್ಕೆ ಮುಂಚೆ ಕಳೆದುಹೋದ ಕುದುರೆ ಹುಡುಕು." ಕಟ್ಟಿಕೊಂಡ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಸೀಳಿದ ಟರ್ಬೊ ಪೈಪ್, ಹಿಡಿದುಕೊಂಡ ಬ್ರೇಕ್, ಗಾಳಿ ಇಳಿದ ಟೈರ್, ಸವೆದ ಕ್ಲಚ್ ಇವುಗಳನ್ನು ಸರಿಮಾಡಿದರೆ ಅರ್ಧ ಜನ ರೀಮ್ಯಾಪ್ ಮರೆತು ಹೋಗುತ್ತಾರಂತೆ.

ಆರ್‌ಸಿ, ಇನ್ಶೂರೆನ್ಸ್ ನೆನಪಿರಲಿ

ಆರ್‌ಸಿಯಲ್ಲಿರುವ, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5 ಸಾವಿರ ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸದ್ದು, ಹೊಗೆಯ ನಿಯಮ ಮುರಿದರೆ ಸೆಕ್ಷನ್ 190(2)ರ ಪ್ರಕಾರ 10 ಸಾವಿರ ರೂ.ವರೆಗೆ ದಂಡ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಬದಲಾವಣೆ ಮಾಡಿಸಿದ್ದರೆ ಅಪಘಾತವಾದಾಗ ಕ್ಲೇಮ್ ತಕರಾರಿಗೆ ಬೀಳಬಹುದು. ಗಾಡಿ ಉಪ್ಪನ ಹೆಸರಿನಲ್ಲಿದ್ದರೆ ಮಾಲೀಕ ಎಂದು ನಿಲ್ಲಬೇಕಾದವರು ಉಪ್ಪ. ಬ್ಯಾರಲ್ಲಿ ಮನೆಯವರ ಜೊತೆ ಕೂತು ಮಾತಾಡಬೇಕಾದ ವಿಷಯ ಇದು.

ಎಚ್‌ಪಿ ಹೆಚ್ಚಿಸಿ ಕೊಡುತ್ತೇವೆ ಎನ್ನುವವರನ್ನು ಮೂರು ಪ್ರಶ್ನೆ ಕೇಳಿ. ಮುಂಚೆ ಅಳೆದ ಶೀಟ್ ಎಲ್ಲಿ? ಆಮೇಲೆ ಅಳೆದ ಶೀಟ್ ಎಲ್ಲಿ? ಎರಡೂ ನನ್ನ ಗಾಡಿಯದ್ದೇನಾ? ಉತ್ತರ ಇಲ್ಲದಿದ್ದರೆ ಜೇಬಿಗೆ ಕೈ ಹಾಕಬೇಡಿ.

ಅಳಿಯ ಲೆಕ್ಕದ ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ. ಹಳೆಯ ಸೈಲೆನ್ಸರ್ ಪುಣ್ಯಕ್ಕೆ ಗುಜರಿಗೆ ಹೋಗಿರಲಿಲ್ಲ, ಅಟ್ಟದ ಮೇಲಿತ್ತು. ಮುಂದಿನ ವಾರ ಅಕ್ಕ ಫೋನ್ ಮಾಡಿದಾಗ ಬಿ.ಎಡ್. ಫೀಸ್ ಕಟ್ಟಿದ ವಿಷಯ ಹೇಳಿದಳು. "ಮತ್ತೆ ಗಾಡಿ?" ಎಂದೆ.

"ಈಗ ಅವನು ಬಂದದ್ದೇ ಗೊತ್ತಾಗಲ್ಲ. ಮಗು ನಿದ್ದೆ ಮಾಡ್ತಿದೆ" ಎಂದಳು.